ಗೆಳೆಯರು ಬರುವವರೆಗೆ ಒಬ್ಬರೇ: ಫೈನಲ್ ಫ್ಯಾಂಟಸಿ 14ರಲ್ಲಿ ಏನು ಆಡಬೇಕು, ಏನು ಬಿಡಬೇಕು?

ಶನಿವಾರದ_ಸವಾರ ಕೇಳಿದ್ದು:

ನಾವು ನಾಲ್ಕು ಜನ ಫೈನಲ್ ಫ್ಯಾಂಟಸಿ 14 ಅನ್ನೋ ಆನ್‌ಲೈನ್ ಗೇಮ್ ಶುರು ಮಾಡಬೇಕು ಅಂತಿದ್ದೀವಿ. ಇಬ್ಬರು ಬೆಂಗಳೂರು, ಒಬ್ಬ ಹುಬ್ಬಳ್ಳಿ, ಇನ್ನೊಬ್ಬಳು ಜರ್ಮನಿ. ನಾಲ್ವರೂ ಒಟ್ಟಿಗೆ ಸಿಗೋದು ಶನಿವಾರ ರಾತ್ರಿ ಮಾತ್ರ. ನನಗೆ ಮಾತ್ರ ವಾರದ ದಿನಗಳಲ್ಲೂ ಒಂದೊಂದು ಗಂಟೆ ಬಿಡುವು ಇರುತ್ತೆ, ಸುಮ್ಮನೆ ಕೂರೋಕೆ ಆಗಲ್ಲ. ಹಾಗಂತ ನಾನೊಬ್ಬನೇ ಮುಂದೆ ಹೋಗಿಬಿಟ್ಟರೆ ಅವರಿಗೆ ಆಟದ ಮಜಾ ಹೋಗುತ್ತೆ. ಗುಂಪಿಗೆ ತೊಂದರೆ ಆಗದ ಹಾಗೆ ಒಬ್ಬನೇ ಮಾಡಬಹುದಾದ ಕೆಲಸ ಯಾವುವು? ಡಂಜನ್‌ಗಳನ್ನ (ನಾಲ್ವರು ಸೇರಿ ಆಡುವ ಕಾಳಗದ ತಾಣಗಳು) ಎನ್‌ಪಿಸಿಗಳ, ಅಂದರೆ ಕಂಪ್ಯೂಟರ್ ಆಡಿಸುವ ಪಾತ್ರಗಳ, ಜೊತೆ ಆಡಬಹುದಂತೆ, ಅದು ಉಪಯೋಗಾನಾ, ಇಲ್ಲಾ ಅಭ್ಯಾಸ ಕೆಡಿಸುತ್ತಾ? ಫ್ರೀ ಟ್ರಯಲ್‌ನಲ್ಲೇ ನಾಲ್ವರೂ ನಡೆಸಬಹುದಾ? ಅಂದಹಾಗೆ ಟ್ಯಾಂಕ್ (ಶತ್ರುಗಳ ಏಟು ತಾನೇ ತಗೊಂಡು ಗುಂಪನ್ನ ಕಾಯೋನು) ಆಗೋ ಪಾಳಿ ನನ್ನದು.

---

ಗ್ರಿಡಾನಿಯಾ_ಗೌಡ ಉತ್ತರ:

ಈ ಗೇಮ್‌ನಲ್ಲಿ ಯಾರಾದರೂ ಮುಂದೆ ಓಡಿದರು ಅಂದರೆ ಅದು ಕಥೆಯಲ್ಲಿ, ಲೆವೆಲ್‌ನಲ್ಲಲ್ಲ. ನೀವು 50ರಲ್ಲಿದ್ದು ಉಳಿದವರು 16ರಲ್ಲಿದ್ದರೂ ಡಂಜನ್ ಒಳಗೆ ಹೋದ ತಕ್ಷಣ ನಿಮ್ಮ ಲೆವೆಲ್ಲೂ ಗೇರೂ ಆ ಡಂಜನ್‌ನ ಮಿತಿಗೆ ಇಳಿಯುತ್ತೆ. ಆಗುವ ಒಂದೇ ಕಿರಿಕಿರಿ ಅಂದರೆ, ಮೇಲಿನ ಲೆವೆಲ್‌ನಲ್ಲಿ ಸಿಕ್ಕ ಸ್ಕಿಲ್‌ಗಳು ಅಲ್ಲಿ ಕೆಲಸ ಮಾಡಲ್ಲ, ಅರ್ಧ ಬಟನ್‌ಗಳು ಮಂಕಾಗಿ ಕೂತಿರುತ್ತವೆ. ಆದ್ದರಿಂದ ಲೆವೆಲ್ ಏರಿತು ಅಂತ ಚಿಂತೆ ಬೇಡ.

ಕಥೆಯ ಕ್ವೆಸ್ಟ್‌ಗಳು, ಅಂದರೆ ಎಲ್ಲರೂ ಎಂಎಸ್‌ಕ್ಯೂ ಅನ್ನೋದು, ಬೇರೆ ಲೆಕ್ಕ. ಡಂಜನ್, ಸವಾರಿ, ಜಾಬ್ (ಕ್ಯಾರೆಕ್ಟರ್‌ನ ಕಾಳಗದ ಕಸುಬು) ಎಲ್ಲಕ್ಕೂ ಬಾಗಿಲು ಅದೇ. ಅದನ್ನು ಪ್ರತಿಯೊಬ್ಬರೂ ತಾವೇ ಮುಗಿಸಬೇಕು. ಕಟ್‌ಸೀನ್‌ಗಳನ್ನ ಒಟ್ಟಿಗೆ ನೋಡೋಕೆ ಆಗಲ್ಲ, ನಡುನಡುವೆ ಬರುವ ಒಬ್ಬರ ಕಾಳಗಗಳಿಗೆ ಗೆಳೆಯರನ್ನ ಕರೆದುಕೊಂಡು ಹೋಗೋಕೂ ಆಗಲ್ಲ. ಹಾಗಾಗಿ "ಎಂಎಸ್‌ಕ್ಯೂ ಶನಿವಾರ ಒಟ್ಟಿಗೆ ಮಾಡೋಣ" ಅಂದುಕೊಂಡ ಗುಂಪುಗಳು ಶನಿವಾರ ರಾತ್ರಿಯೆಲ್ಲ ನಾಲ್ಕು ಕಡೆ ನಾಲ್ಕು ಜನ ಸಂಭಾಷಣೆ ಒತ್ತುತ್ತಾ ಕೂತಿರ್ತಾರೆ. ಅದು ವಾರದ ದಿನಗಳ ಕೆಲಸ. ಶನಿವಾರಕ್ಕೆ ಡಂಜನ್ ಇಟ್ಟುಕೊಳ್ಳಿ.

ನಿಯಮ ಇಷ್ಟೇ ಇರಲಿ: ಡಂಜನ್ ತೆರೆಯುವ ಕ್ವೆಸ್ಟ್ ತಗೊಳ್ಳಿ, ಅದು ಡ್ಯೂಟಿ ಫೈಂಡರ್‌ನಲ್ಲಿ (ಡಂಜನ್‌ಗೆ ಜೊತೆಗಾರರನ್ನ ಹುಡುಕಿಕೊಡುವ ಮೆನು) ಕಾಣಿಸಿದ ಮೇಲೆ ನಿಲ್ಲಿ. ಆ ನಿಲ್ದಾಣಗಳು ಹೀಗಿವೆ. 15ನೇ ಲೆವೆಲ್‌ಗೆ ಸಸ್ತಾಶಾ, 16ಕ್ಕೆ ಟ್ಯಾಮ್-ಟಾರಾ, 17ಕ್ಕೆ ಕಾಪರ್‌ಬೆಲ್, 20ಕ್ಕೆ ಇಫ್ರಿಟ್ (ಇದೂ ಮುಂದಿನ ಟೈಟನ್, ಗರುಡವೂ ಡಂಜನ್ ಅಲ್ಲ, ಒಬ್ಬನೇ ದೊಡ್ಡ ಬಾಸ್ ಜೊತೆಗಿನ ಕಾಳಗ), 24ಕ್ಕೆ ಟೋಟೋ-ರಾಕ್, 28ಕ್ಕೆ ಹಾಕ್ ಮ್ಯಾನರ್, 32ಕ್ಕೆ ಬ್ರೇಫ್ಲಾಕ್ಸ್, 34ಕ್ಕೆ ಟೈಟನ್, 41ಕ್ಕೆ ಸ್ಟೋನ್ ವಿಜಿಲ್, 44ಕ್ಕೆ ಗರುಡ, 50ಕ್ಕೆ ಕ್ಯಾಸ್ಟ್ರಮ್ ಮೆರಿಡಿಯಾನಮ್ ಮತ್ತು ಪ್ರೆಟೋರಿಯಂ. ಮೊದಲ ಮೂರು ಹತ್ತಿರ ಹತ್ತಿರ ಇರೋದರಿಂದ ಒಂದೇ ಶನಿವಾರ ಮುಗಿಸಬಹುದು. 34ರಿಂದ 41ರ ನಡುವಿನ ದಾರಿ ಉದ್ದ. ಗುಂಪು ಒಡೆಯೋದು ಸಾಮಾನ್ಯವಾಗಿ ಅಲ್ಲೇ. ಆ ಅಂತರಕ್ಕೆ ಎರಡು ವಾರ ಕೊಡಿ.

ನಿಲ್ದಾಣದಲ್ಲಿ ಕೂತಾಗ ಮಾಡಬೇಕಾದ್ದು ಎರಡನೇ ಜಾಬ್. ಒಂದೇ ಕ್ಯಾರೆಕ್ಟರ್ ಎಲ್ಲ ಜಾಬ್‌ಗಳನ್ನೂ ಕಲಿಯಬಹುದು. ಮೊದಲ ಕ್ಲಾಸ್‌ನ (ಜಾಬ್‌ನ ಆರಂಭದ ರೂಪ) 10ನೇ ಲೆವೆಲ್ ಕ್ವೆಸ್ಟ್ ಮುಗಿಸಿದ ಮೇಲೆ ಬೇರೆ ಗಿಲ್ಡ್‌ಗಳ ಬಾಗಿಲು ತೆರೆಯುತ್ತೆ. ನೀವು ಟ್ಯಾಂಕ್ ಆದರೆ ಎರಡನೆಯದಾಗಿ ಹೀಲರ್ (ಗುಂಪಿನವರ ಗಾಯ ವಾಸಿ ಮಾಡೋ ಪಾತ್ರ) ತಗೊಳ್ಳಿ, ಗ್ರಿಡಾನಿಯಾದ ಕಂಜರರ್ ಗಿಲ್ಡ್. ಶನಿವಾರ ಹೀಲರ್ ಕೈಕೊಟ್ಟರೆ ನೀವು ಆ ಜಾಗ ತುಂಬಬಹುದು, ಆಗ ಟ್ಯಾಂಕ್ ಜಾಗಕ್ಕೆ ಅಪರಿಚಿತರು ಬರ್ತಾರೆ. ನೆನಪಿರಲಿ, ಕಂಜರರ್ 30ಕ್ಕೆ ಬಂದರೂ ವೈಟ್ ಮೇಜ್ (ಕಂಜರರ್‌ನ ಮುಂದಿನ ಜಾಬ್) ಆಗಬೇಕಾದರೆ ಎಂಎಸ್‌ಕ್ಯೂನಲ್ಲಿ 20ರ ಆಸುಪಾಸಿನ "ಸಿಲ್ಫ್-ಮ್ಯಾನೇಜ್‌ಮೆಂಟ್" ಮುಗಿದಿರಬೇಕು. ಇಫ್ರಿಟ್ ನಿಲ್ದಾಣದಲ್ಲಿ ಸಿಕ್ಕಿಕೊಂಡು, ಜಾಬ್ ಯಾಕೆ ತೆರೀತಿಲ್ಲ ಅಂತ ಹುಡುಕೋರು ಬಹಳ ಜನ.

ಎರಡನೇ ಜಾಬ್ ಬೆಳೆಸೋಕೆ ಕಥೆ ಮುಟ್ಟದ ದಾರಿಗಳಿವೆ. 15ಕ್ಕೆ ಹಾಲ್ ಆಫ್ ದ ನಾವಿಸ್: ಮೂರು ಪಟ್ಟಣಗಳ ಇನ್‌ಗಳ ಹತ್ತಿರ ಸ್ಮಿತ್ ಅನ್ನೋ ಎನ್‌ಪಿಸಿ ಇರ್ತಾನೆ. ನಿಮ್ಮ ಪಾತ್ರಕ್ಕೆ ತಕ್ಕ ಪಾಠಗಳನ್ನ ಮುಗಿಸಿದರೆ ಆ ಲೆವೆಲ್‌ನ ಗೇರ್ ಜೊತೆ ಬ್ರ್ಯಾಂಡ್-ನ್ಯೂ ರಿಂಗ್ ಕೊಡ್ತಾನೆ. 30ನೇ ಲೆವೆಲ್‌ವರೆಗೆ ಶೇ. 30 ಹೆಚ್ಚು ಎಕ್ಸ್‌ಪಿ (ಲೆವೆಲ್ ಏರಿಸುವ ಅಂಕ). ಗೇರ್ ನೋಡೋಕೆ ಚೆನ್ನಾಗಿದೆ ಅಂತ ಬೇರೆ ಉಂಗುರ ಹಾಕ್ಕೋಬೇಡಿ.

17ರ ಮೇಲೆ ಪ್ಯಾಲೇಸ್ ಆಫ್ ದ ಡೆಡ್ ಅನ್ನೋ ಮಹಡಿ ಮಹಡಿಯ ಡಂಜನ್. ಒಳಗೆ ಹೊರಗಿನ ಲೆವೆಲ್ ಲೆಕ್ಕಕ್ಕಿಲ್ಲ, ಎಲ್ಲರೂ 1ರಿಂದ ಶುರು, 60ರವರೆಗೆ. ಹೊರಗಿನ ಗೇರೂ ಲೆಕ್ಕಕ್ಕಿಲ್ಲ, ಅಲ್ಲೇ ಸಿಗುವ ಈಥರ್‌ಪೂಲ್ ಆಯುಧ, ಕವಚಗಳ ಬಲವೇ ಬಲ. 10 ಮಹಡಿಗೆ ಒಂದು ಕಂತು, ಕಂತಿಗೆ 60 ನಿಮಿಷದ ಮಿತಿ. ಕಂತು ಮುಗಿಸಿ ಹೊರಬಂದಾಗ ಎಕ್ಸ್‌ಪಿ ನಿಮ್ಮ ಆಗಿನ ಜಾಬ್‌ಗೆ ಬೀಳುತ್ತೆ. ನಡುವೆ ಬಿಟ್ಟು ಬಂದರೆ ಆ ಕಂತಿನ ಶ್ರಮ ನೀರಿನಲ್ಲಿ ಹೋಮ. ಒಂದು ಗಂಟೆ ಬಿಡುವಿದೆ ಅನ್ನೋರಿಗೆ ಒಂದು ಕಂತು ಸರಿಯಾಗಿ ಕೂರುತ್ತೆ. ಸೇವ್ ಸ್ಲಾಟ್ ಎರಡಿವೆ. ಒಂದು ನಿಮಗೆ, ಇನ್ನೊಂದನ್ನ ಗುಂಪಿಗೆ ಖಾಲಿ ಬಿಡಿ.

ಇನ್ನು ಎನ್‌ಪಿಸಿಗಳ ವಿಷಯ. ಅದರ ಹೆಸರು ಡ್ಯೂಟಿ ಸಪೋರ್ಟ್. 2022ರ ಏಪ್ರಿಲ್‌ನಲ್ಲಿ 6.1 ಅಪ್‌ಡೇಟ್ ಜೊತೆ ಬಂತು, ಮೊದಲು ಮೂಲ ಕಥೆಯ ಡಂಜನ್‌ಗಳಿಗೆ, ಆಮೇಲೆ ಹಂತಹಂತವಾಗಿ ಹೆವನ್ಸ್‌ವರ್ಡ್, ಸ್ಟಾರ್ಮ್‌ಬ್ಲಡ್ ಅನ್ನೋ ಎಕ್ಸ್‌ಪ್ಯಾನ್ಶನ್‌ಗಳಿಗೂ (ಕಥೆಯ ಮುಂದಿನ ಭಾಗಗಳು). ಡ್ಯೂಟಿ ಮೆನುವಿನಲ್ಲಿ ಡ್ಯೂಟಿ ಸಪೋರ್ಟ್ ಆರಿಸಿದರೆ ನಿಮ್ಮ ಪಾತ್ರ ಬಿಟ್ಟು ಉಳಿದ ಮೂರು ಜಾಗ ಎನ್‌ಪಿಸಿಗಳು ತುಂಬ್ತಾರೆ, ಕ್ಯೂ ಕಾಯೋದಿಲ್ಲ. ಪಾರ್ಟಿಯಲ್ಲಿದ್ದರೆ ಒಳಗೆ ಬಿಡಲ್ಲ. ಅಂದರೆ ಇಬ್ಬರು ಗೆಳೆಯರು ಮತ್ತು ಇಬ್ಬರು ಎನ್‌ಪಿಸಿ ಅನ್ನೋ ಜೋಡಣೆ ಇಲ್ಲಿ ಆಗಲ್ಲ. ಪೆಟ್ಟಿಗೆಯಲ್ಲಿ ಬಿದ್ದ ಗೇರ್‌ಗೆ ಪೈಪೋಟಿ ಇರಲ್ಲ, ಎಲ್ಲ ನಿಮ್ಮದೇ. ವೇಗ ಕಡಿಮೆ, ಯಾಕಂದರೆ ಎನ್‌ಪಿಸಿಗಳ ಹೊಡೆತ ನಿಜವಾದ ಆಟಗಾರರಿಗಿಂತ ಸಪ್ಪೆ.

ನನ್ನ ಅಭಿಪ್ರಾಯ: ಹೊಸ ಡಂಜನ್‌ನ ಮೊದಲ ಸಲ ಗೆಳೆಯರಿಗೇ ಇರಲಿ. ಅದು ಮುಗಿದ ಮೇಲೆ ಸೋಮವಾರದಿಂದ ಅದೇ ಡಂಜನ್‌ಗೆ ಎರಡನೇ ಜಾಬ್ ಹಿಡಿದು ಎನ್‌ಪಿಸಿಗಳ ಜೊತೆ ಹೋಗಿ.

ಹಲಾಟಾಲಿ, ಕಾರ್ನ್, ಕಟರ್ಸ್ ಕ್ರೈ, ಡ್ಜೆಮೇಲ್, ಆರಮ್ ವೇಲ್ ಇವೆಲ್ಲ ಕಥೆಗೆ ಸೇರದ ಡಂಜನ್‌ಗಳು, ಇವಕ್ಕೆ ಡ್ಯೂಟಿ ಸಪೋರ್ಟ್ ಇಲ್ಲ. ಒಬ್ಬರೇ ಇದ್ದಾಗ ಮುಟ್ಟಬೇಡಿ. ಯಾರಾದರೂ ಎಂಎಸ್‌ಕ್ಯೂನಲ್ಲಿ ಹಿಂದೆ ಬಿದ್ದ ಶನಿವಾರಕ್ಕೆ ಇವೇ ಗತಿ, ಹಲಾಟಾಲಿ 20ಕ್ಕೇ ಸಿಗುತ್ತೆ.

---

ಕಾವೇರಿ_ಕ್ರಾಫ್ಟರ್ ಉತ್ತರ:

ಗೌಡರು ಆಟದ ಒಳಗಿನದನ್ನು ಹೇಳಿದ್ದಾರೆ. ಅದಕ್ಕೂ ಮೊದಲು ಖಾತೆ ಮತ್ತು ಸರ್ವರ್ ತೀರ್ಮಾನ ಆಗಬೇಕು. ಅಲ್ಲಿ ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ.

ಫ್ರೀ ಟ್ರಯಲ್‌ಗೆ ಕಾಲಮಿತಿ ಇಲ್ಲ. 2023ರ ಅಕ್ಟೋಬರ್‌ನ 6.5ರಿಂದ ಸ್ಟಾರ್ಮ್‌ಬ್ಲಡ್‌ವರೆಗಿನ ಕಥೆ, 70ನೇ ಲೆವೆಲ್‌ವರೆಗೆ ಆಡಬಹುದು. ಒಬ್ಬರಿಗಾದರೆ ಧಾರಾಳ. ನಾಲ್ವರಿಗೆ ಬರುವ ತೊಡಕು ಏನೆಂದರೆ, ಟ್ರಯಲ್ ಖಾತೆಯವರು ತಾವಾಗಿ ಪಾರ್ಟಿ ಕಟ್ಟಲಾರರು, ಬೇರೆಯವರು ಕರೆದರೆ ಸೇರಬಹುದು ಅಷ್ಟೆ. ನಾಲ್ವರೂ ಟ್ರಯಲ್‌ನಲ್ಲಿದ್ದರೆ ಕರೆಯುವವರೇ ಇಲ್ಲ. ಒಂದೇ ಕ್ಷಣಕ್ಕೆ ನಾಲ್ವರೂ ಕ್ಯೂ ಒತ್ತಿದರೆ ಒಟ್ಟಿಗೆ ಸಿಕ್ಕೇ ಸಿಗುತ್ತೇವೆ ಎಂಬ ಭರವಸೆಯೂ ಇಲ್ಲ. ಆದ್ದರಿಂದ ಕನಿಷ್ಠ ಒಬ್ಬರು ಹಣ ಕೊಟ್ಟ ಖಾತೆ ಇಟ್ಟುಕೊಳ್ಳಬೇಕು. ಆ ಒಬ್ಬರು ಶನಿವಾರ ತಪ್ಪಿಸದವರಾಗಿರಲಿ.

ಹಣ ಕೊಟ್ಟ ಖಾತೆ ಮತ್ತೆ ಟ್ರಯಲ್‌ಗೆ ಹಿಂತಿರುಗುವುದಿಲ್ಲ. ಗೇಮ್ ಕೊಂಡಾಗ ಮೊದಲ 30 ದಿನ ಅದರಲ್ಲೇ ಸೇರಿರುತ್ತದೆ, ಆಮೇಲೆ ತಿಂಗಳ ಚಂದಾ ನಿಂತರೆ ಆ ಕ್ಯಾರೆಕ್ಟರ್‌ಗೆ ಲಾಗಿನ್ ಇಲ್ಲ. "ರಿಯಾಯಿತಿ ಇತ್ತು, ಕೊಂಡುಬಿಟ್ಟೆ" ಎಂದು ನಾಲ್ವರೂ ಮೊದಲ ವಾರವೇ ಕೊಳ್ಳಬೇಡಿ. ಇನ್ನೊಂದು: ಸ್ಟೀಮ್‌ನಲ್ಲಿ ಗೇಮ್ ಕೊಂಡರೆ ಮುಂದಿನ ಎಕ್ಸ್‌ಪ್ಯಾನ್ಶನ್‌ಗಳನ್ನೂ ಸ್ಟೀಮ್‌ನಲ್ಲೇ ಕೊಳ್ಳಬೇಕು. ಕಂಪನಿಯ ಸ್ವಂತ ಅಂಗಡಿಯ ಕೋಡ್ ಆ ಖಾತೆಗೆ ಹತ್ತುವುದಿಲ್ಲ.

ಟ್ರಯಲ್‌ನಲ್ಲಿ ಮಾರ್ಕೆಟ್ ಬೋರ್ಡ್ (ಆಟಗಾರರ ಮಾರುಕಟ್ಟೆ) ಇಲ್ಲ, ಟ್ರೇಡ್ ಇಲ್ಲ, ಫ್ರೀ ಕಂಪನಿ (ಆಟಗಾರರ ಸಂಘ) ಇಲ್ಲ, ರಿಟೇನರ್ (ಸಾಮಾನು ಇಟ್ಟುಕೊಳ್ಳುವ ಎನ್‌ಪಿಸಿ ಸಹಾಯಕ) ಇಲ್ಲ. ಆಟದ ಹಣವಾದ ಗಿಲ್ 3 ಲಕ್ಷಕ್ಕೆ ನಿಲ್ಲುತ್ತದೆ. ಇದು ಒಬ್ಬರೇ ಆಡುವ ಹೊತ್ತಿಗೆ ನೇರವಾಗಿ ಸಂಬಂಧಿಸಿದ ವಿಷಯ. "ವಾರವೆಲ್ಲ ಕೂತು ಕಮ್ಮಾರಿಕೆ ಕಲಿತು ಗೆಳೆಯರಿಗೆ ಗೇರ್ ಮಾಡಿಕೊಡುತ್ತೇನೆ" ಎಂಬ ಯೋಜನೆ ಟ್ರಯಲ್‌ನಲ್ಲಿ ನಡೆಯದು, ಕೊಡುವ ದಾರಿಯೇ ಇಲ್ಲ. ನಿಮ್ಮ ಗೇರ್ ನೀವೇ ಮಾಡಿಕೊಳ್ಳಲು, ಡಾರ್ಕ್ ಮ್ಯಾಟರ್ (ರಿಪೇರಿಗೆ ಬೇಕಾದ ವಸ್ತು) ಇಟ್ಟುಕೊಂಡು ನೀವೇ ರಿಪೇರಿ ಮಾಡಿಕೊಳ್ಳಲು ಮಾತ್ರ ಕರಕುಶಲ ಕಲಿಯಿರಿ. ವಸ್ತು ತಯಾರಿಸುವ ಎಂಟು ಕ್ರಾಫ್ಟರ್, ಕಚ್ಚಾವಸ್ತು ತರುವ ಮೂರು ಗ್ಯಾದರರ್ ಕಸುಬುಗಳಿವೆ. ಟ್ಯಾಂಕ್‌ಗೆ ಕಮ್ಮಾರ, ಕವಚಗಾರ ಮತ್ತು ಗಣಿಗಾರ ಮೂರು ಸಾಕು. ಹನ್ನೊಂದನ್ನೂ ಒಟ್ಟಿಗೆ ಹಿಡಿದರೆ ಬ್ಯಾಗ್ ತುಂಬಿ, ರಿಟೇನರ್ ಇಲ್ಲದೆ ಇಡಲು ಜಾಗವಿರುವುದಿಲ್ಲ. ಕ್ರಾಫ್ಟಿಂಗ್ ಲೆವ್‌ಗಳಿಗೆ (ಮತ್ತೆ ಮತ್ತೆ ಮಾಡಬಹುದಾದ ಸಣ್ಣ ಕೆಲಸಗಳು) ಪ್ರತಿ 12 ಗಂಟೆಗೆ 3 ಅಲವೆನ್ಸ್ ಸೇರುತ್ತದೆ, 100ಕ್ಕೆ ನಿಲ್ಲುತ್ತದೆ. ದಿನಾ ಬರದಿದ್ದರೂ ಕಳೆದುಹೋಗುವುದಿಲ್ಲ, ಬಿಡುವಿಲ್ಲದ ವಾರ ಕೂಡಿಟ್ಟು ಮುಂದಿನ ವಾರ ಬಳಸಬಹುದು.

ಸರ್ವರ್: ಬೆಂಗಳೂರು, ಹುಬ್ಬಳ್ಳಿ, ಜರ್ಮನಿ ಅಂದರೆ ಯುರೋಪಿನ ಡೇಟಾ ಸೆಂಟರ್‌ಗಳಾದ (ಹಲವು ವರ್ಲ್ಡ್‌ಗಳ, ಅಂದರೆ ಸರ್ವರ್‌ಗಳ, ಗುಂಪು) ಕೇಯಾಸ್ ಅಥವಾ ಲೈಟ್ ಎರಡರಲ್ಲಿ ಒಂದು. ಒಂದೇ ಡೇಟಾ ಸೆಂಟರ್‌ನಲ್ಲಿದ್ದರೆ ವರ್ಲ್ಡ್ ಬೇರೆಯಾದರೂ ಪಾರ್ಟಿ ಆಗುತ್ತದೆ. ಆದರೆ ಫ್ರೀ ಕಂಪನಿಗೆ ತವರು ವರ್ಲ್ಡ್ ಒಂದೇ ಇರಬೇಕು. ಜನ ತುಂಬಿದ ವರ್ಲ್ಡ್‌ಗಳಲ್ಲಿ ಹೊಸ ಕ್ಯಾರೆಕ್ಟರ್‌ಗೆ ಅವಕಾಶ ಮುಚ್ಚಿರುತ್ತದೆ. ಒಬ್ಬರು ಮೊದಲೇ ಹೋಗಿ ಕೂತು, ಉಳಿದವರು ವಾರ ಬಿಟ್ಟು ಬಂದರೆ ಅದು ಮುಚ್ಚಿರಬಹುದು. ನಾಲ್ವರೂ ಒಂದೇ ಸಂಜೆ ಕ್ಯಾರೆಕ್ಟರ್ ಮಾಡಿ ಇಟ್ಟುಬಿಡಿ, ಆಟ ಯಾವಾಗ ಶುರುವಾದರೂ ಸರಿ.

ಭಾರತದ ಸಮಯದಲ್ಲಿ ಎರಡು ಹೊತ್ತು ನೆನಪಿಡಿ. ದಿನದ ರೂಲೆಟ್ (ಯಾವುದೋ ಒಂದು ಡಂಜನ್‌ಗೆ ಕಳಿಸಿ, ದಿನಕ್ಕೊಮ್ಮೆ ಬೋನಸ್ ಕೊಡುವ ಕ್ಯೂ) ರೀಸೆಟ್ ರಾತ್ರಿ 8:30ಕ್ಕೆ. ವಾರದ ರೀಸೆಟ್ ಮಂಗಳವಾರ ಮಧ್ಯಾಹ್ನ 1:30ಕ್ಕೆ. ಶನಿವಾರ 8:30ಕ್ಕೆ ಮುಂಚೆ ಸೇರಿ ಒಂದು ರೂಲೆಟ್, ಕಳೆದ ಮೇಲೆ ಇನ್ನೊಂದು ಮಾಡಿದರೆ ಒಂದೇ ಕೂಟದಲ್ಲಿ ಎರಡು ದಿನದ ಬೋನಸ್ ಸಿಗುತ್ತದೆ.

---

ಮೂರನೇ_ಬಾಸ್ ಉತ್ತರ:

ಗೌಡ್ರೇ, ಮೊದಲ ಸಲ ಗೆಳೆಯರ ಜೊತೆನೇ ಆಗಬೇಕು ಅನ್ನೋದು ಡ್ಯಾಮೇಜ್ ಆಡೋರಿಗೆ ಸರಿ. ಟ್ಯಾಂಕ್‌ಗೆ ನಾನು ಒಪ್ಪಲ್ಲ. ದಾರಿ ತೋರಿಸೋದು ಟ್ಯಾಂಕ್. ಹೊಸ ಟ್ಯಾಂಕ್, ಹೊಸ ಹೀಲರ್, ಇಬ್ಬರು ಹೊಸಬರು ನಾಲ್ವರೂ ಟೋಟೋ-ರಾಕ್‌ನಲ್ಲಿ ದಾರಿ ಗೊತ್ತಿಲ್ಲದೆ ಸುತ್ತಾಡಿದರೆ ಮಜಾ ಅಲ್ಲ, ನಿದ್ದೆ ಬರುತ್ತೆ. ಟ್ಯಾಂಕ್ ಮಾತ್ರ ಮುಂಚೆ ಒಂದು ಸಲ ಡ್ಯೂಟಿ ಸಪೋರ್ಟ್‌ನಲ್ಲಿ ನೋಡಿಬರಲಿ, ಬಾಸ್‌ಗಳ ಗುಟ್ಟು ಬಾಯಿಬಿಡದಿದ್ದರೆ ಆಯ್ತು.

ಅಭ್ಯಾಸ ಕೆಡುತ್ತಾ ಅಂದ್ರಲ್ಲ, ಕೆಡುತ್ತೆ. ಎಲ್ಲಿ ಅನ್ನೋದು ಗೊತ್ತಿದ್ದರೆ ತಪ್ಪಿಸಬಹುದು ಗುರು.

ಒಂದು, ಟ್ಯಾಂಕ್ ಸ್ಟಾನ್ಸ್, ಅಂದರೆ ಶತ್ರುಗಳ ಗಮನ ನಿಮ್ಮ ಮೇಲೇ ಇರಿಸುವ ಸ್ಕಿಲ್. ಪ್ಯಾಲಡಿನ್‌ಗೆ ಐರನ್ ವಿಲ್, ವಾರಿಯರ್‌ಗೆ ಡಿಫಯನ್ಸ್. ಜಾಬ್ ಬದಲಾಯಿಸಿದಾಗ ಆಫ್ ಆಗುತ್ತೆ. ವಾರವೆಲ್ಲ ಹೀಲರ್ ಆಡಿ ಶನಿವಾರ ಟ್ಯಾಂಕ್‌ಗೆ ಬಂದೋರು ಇದನ್ನೇ ಮರೆಯೋದು. ಬಾಸ್ ತಿರುಗಿ ಹೀಲರ್ ಕಡೆ ನಡೆದರೆ ಮೊದಲು ನೋಡಬೇಕಾದ್ದು ಅದೇ ಐಕಾನ್. ಡಂಜನ್ ಒಳಗೆ ಕಾಲಿಟ್ಟ ತಕ್ಷಣ ನೋಡಿಕೊಳ್ಳಿ.

ಎರಡು, ಪುಲ್‌ನ ಗಾತ್ರ, ಅಂದರೆ ಒಂದು ಸಲಕ್ಕೆ ಎಷ್ಟು ಶತ್ರುಗಳನ್ನ ಎಳೀತೀರಿ ಅನ್ನೋದು. ಎನ್‌ಪಿಸಿ ಟ್ಯಾಂಕ್ ಒಂದೊಂದೇ ಗುಂಪು ಎಳೀತಾನೆ. ನೀವು ಟ್ಯಾಂಕ್ ಆಗಿ ಎನ್‌ಪಿಸಿಗಳ ಜೊತೆ ಹೋದಾಗಲೂ ಅದೇ ಲಯಕ್ಕೆ ಒಗ್ಗಿಬಿಡ್ತೀರಿ, ಯಾರೂ ಬೈಯಲ್ವಲ್ಲ. ಅಲ್ಲೇ ಎರಡು ಗುಂಪು ಸೇರಿಸಿ ಎಳೆದು ನೋಡಿ. ಕ್ರಮ ಹೀಗೆ: ಮೊದಲ ಗುಂಪಿಗೆ ಟೋಟಲ್ ಎಕ್ಲಿಪ್ಸ್ (ಪ್ಯಾಲಡಿನ್ ಸುತ್ತಲಿನ ಎಲ್ಲರಿಗೂ ಹೊಡೆಯುವ ಸ್ಕಿಲ್) ಒಂದು ಸಲ ಹಾಕಿ ನಿಲ್ಲದೆ ಓಡಿ, ಎರಡನೇ ಗುಂಪಿಗೆ ಇನ್ನೊಂದು, ಆಮೇಲೆ ಎಲ್ಲ ಒಂದೆಡೆ ಸೇರಿದ ಮೇಲೆ ನಿಂತು ರ‍್ಯಾಂಪಾರ್ಟ್. ಓಡುವಾಗಲೇ ರ‍್ಯಾಂಪಾರ್ಟ್ ಒತ್ತೋದು ದುಂದು. ಅದು 20 ಸೆಕೆಂಡ್ ಇರುತ್ತೆ, ಏಟನ್ನ ಶೇ. 20 ತಗ್ಗಿಸುತ್ತೆ, ಮತ್ತೆ ಸಿಗೋಕೆ 90 ಸೆಕೆಂಡ್. ಹಾಗಾಗಿ ಒಂದು ಪುಲ್‌ಗೆ ರ‍್ಯಾಂಪಾರ್ಟ್, ಮುಂದಿನದಕ್ಕೆ 22ರ ಮೇಲೆ ಸಿಗುವ ರಿಪ್ರೈಸಲ್ (ಸುತ್ತಲಿನ ಶತ್ರುಗಳ ಹೊಡೆತ ತಗ್ಗಿಸುವ ಸ್ಕಿಲ್). ಎರಡೂ ಒಟ್ಟಿಗೆ ಒತ್ತಿದರೆ ಮುಂದಿನ ಪುಲ್‌ಗೆ ಕೈ ಖಾಲಿ.

ಮೂರು, ಎನ್‌ಪಿಸಿಗಳು ನೆಲದ ಕಿತ್ತಳೆ ಗುರುತಿಂದ ಸರಿಯಾದ ಹೊತ್ತಿಗೆ ಜಾರ್ಕೋತಾರೆ, ಬಾಸ್ ಮುಖ ಎತ್ತ ಇದ್ದರೂ ಅವರಿಗೆ ಪರವಾಗಿಲ್ಲ. ಜನರ ಜೊತೆ ಹಾಗಲ್ಲ. ಬಾಸ್‌ನ ಬೆನ್ನು ಯಾವಾಗಲೂ ಪಾರ್ಟಿ ಕಡೆ ಇರುವಂತೆ ತಿರುಗಿಸಿ, ತಿರುಗಿಸಿದ ಮೇಲೆ ಅಲ್ಲಾಡಬೇಡಿ. ಬೆನ್ನಿಂದ, ಪಕ್ಕದಿಂದ ಹೊಡೆದರೆ ಹೆಚ್ಚು ಏಟು ಬೀಳುವ ಜಾಬ್‌ಗಳು ನಿಮ್ಮ ಗುಂಪಲ್ಲಿ ಇದ್ದೇ ಇರುತ್ತವೆ. ಟ್ಯಾಂಕ್ ಕುಣಿದರೆ ಅವರಿಗೆ ಕೋಪ ಬರುತ್ತೆ.

ಹೀಲರ್ ಕಲೀತಿದ್ದರೆ ಎನ್‌ಪಿಸಿ ಜೊತೆ ಕಲಿಯೋದು ಒಂದೇ ಒಂದು ಒಳ್ಳೆಯ ಅಭ್ಯಾಸ: ಹೊಡೆತ. ಟ್ಯಾಂಕ್‌ನ ರಕ್ತ ಅರ್ಧದ ಮೇಲಿದ್ದರೆ ಸ್ಟೋನ್ (ಹೊಡೆಯುವ ಮಂತ್ರ) ಎಸೀತಾ ಇರಿ. ಸುಮ್ಮನೆ ನಿಂತು ಕ್ಯೂರ್ ಮೇಲೆ ಕ್ಯೂರ್ ಹಾಕೋದರಿಂದ ಕಾಳಗ ಉದ್ದ ಆಗುತ್ತೆ ಅಷ್ಟೆ. ಎಂಪಿ (ಮಂತ್ರ ಹಾಕೋಕೆ ಬೇಕಾದ ಶಕ್ತಿ) ಒಟ್ಟು 10,000. 8,000ಕ್ಕೆ ಇಳಿದಾಗಲೇ ಅದನ್ನ ತುಂಬಿಸುವ ಲೂಸಿಡ್ ಡ್ರೀಮಿಂಗ್ ಒತ್ತಿ, ತಳ ಕಂಡ ಮೇಲಲ್ಲ. ಎಸೂನಾ (ಮೈಗಂಟಿದ ಕೆಡುಕು ತೆಗೆಯುವ ಮಂತ್ರ) ಎಲ್ಲದಕ್ಕೂ ಕೆಲಸ ಮಾಡಲ್ಲ, ಐಕಾನ್ ಮೇಲೆ ಬಿಳಿ ಗೆರೆ ಇರೋದಕ್ಕೆ ಮಾತ್ರ. ಜನರ ಗುಂಪಲ್ಲಿ ರೇಯ್ಸ್ (ಬಿದ್ದವರನ್ನ ಎಬ್ಬಿಸುವ ಮಂತ್ರ) ಬೇಕಾದಾಗ, ಮಂತ್ರವನ್ನ ತಕ್ಷಣ ಹಾಕಿಸುವ ಸ್ವಿಫ್ಟ್‌ಕ್ಯಾಸ್ಟ್ ಕೈಯಲ್ಲಿರಬೇಕು. ಎನ್‌ಪಿಸಿಗಳ ಜೊತೆ ಅದರ ಅಗತ್ಯ ಅಪರೂಪ, ಅದಕ್ಕೇ ಬೇರೆ ಯಾವುದಕ್ಕೋ ಖರ್ಚು ಮಾಡೋ ಚಟ ಬೆಳೆಯುತ್ತೆ.

---

ಶನಿವಾರದ_ಸವಾರ:

ಮೂವರಿಗೂ ಧನ್ಯವಾದ. ಟ್ರಯಲ್‌ನವರು ಪಾರ್ಟಿ ಕಟ್ಟೋಕೆ ಆಗಲ್ಲ ಅನ್ನೋದು ಗೊತ್ತಿರಲಿಲ್ಲ. ಹುಬ್ಬಳ್ಳಿಯವನು ಇನ್ನೂ ಡೌನ್‌ಲೋಡೇ ಶುರು ಮಾಡಿಲ್ಲ, ತಿಂಗಳು ತಡ ಆಗಬಹುದು. ಅಷ್ಟು ದಿನ ಮೂವರೂ ಸಸ್ತಾಶಾ ಬಾಗಿಲಲ್ಲೇ ನಿಲ್ಲಬೇಕಾ? ಎರಡನೇ ಕ್ಯಾರೆಕ್ಟರ್ ಮಾಡಿದರೆ ಹೇಗೆ?

---

ಬಳ್ಳಾರಿ_ಬರ್ಸರ್ಕರ್ ಉತ್ತರ:

ಮಾಡಿ. ತಿಂಗಳುಗಟ್ಟಲೆ ಬಾಗಿಲಲ್ಲಿ ನಿಲ್ಲೋದು ಆಗಿಹೋಗೋ ಮಾತಲ್ಲ. ಒಂದು ಕ್ಯಾರೆಕ್ಟರ್ ಗುಂಪಿಗೆ, ಅದನ್ನ ಶನಿವಾರ ಬಿಟ್ಟು ಮುಟ್ಟೋ ಹಾಗಿಲ್ಲ. ಇನ್ನೊಂದು ನಿಮಗೆ, ಎಷ್ಟು ಬೇಕೋ ಓಡಿಸಿ.

ಆದರೆ ಚಂದಾ ಯಾವ ಬಗೆಯದು ನೋಡಿಕೊಳ್ಳಿ. ಎಂಟ್ರಿ ಚಂದಾದಲ್ಲಿ ಒಂದು ವರ್ಲ್ಡ್‌ಗೆ ಒಂದೇ ಕ್ಯಾರೆಕ್ಟರ್, ಒಟ್ಟು 8. ಸ್ಟ್ಯಾಂಡರ್ಡ್ ಆದರೆ ಒಂದೇ ವರ್ಲ್ಡ್‌ನಲ್ಲಿ 8, ಒಟ್ಟು 40. ಎಂಟ್ರಿ ಇದ್ದರೆ ಗುಂಪಿನ ಕ್ಯಾರೆಕ್ಟರ್ ಗೆಳೆಯರ ವರ್ಲ್ಡ್‌ನಲ್ಲಿ, ನಿಮ್ಮ ಸ್ವಂತದ್ದು ಅದೇ ಡೇಟಾ ಸೆಂಟರ್‌ನ ಪಕ್ಕದ ವರ್ಲ್ಡ್‌ನಲ್ಲಿ. ಉಲ್ಟಾ ಮಾಡಬೇಡಿ, ಫ್ರೀ ಕಂಪನಿ ಕಟ್ಟುವ ದಿನ ಪರದಾಡ್ತೀರಿ.

---

ಗ್ರಿಡಾನಿಯಾ_ಗೌಡ ಉತ್ತರ:

ಬಳ್ಳಾರಿ ಅವರು ಹೇಳಿದ್ದು ನಡೆಯುತ್ತೆ, ಆದರೆ ಬೆಲೆ ಇದೆ. ಎಂಎಸ್‌ಕ್ಯೂ ಎರಡೆರಡು ಸಲ, ಸವಾರಿ ಎರಡು ಸಲ, ಎರಡನೇ ಜಾಬ್ ಬೆಳೆಸಿದ್ದೂ ಗುಂಪಿನ ಕ್ಯಾರೆಕ್ಟರ್‌ಗೆ ಸಿಗಲ್ಲ. ಮೂಲ ಕಥೆ ಉದ್ದ, ಅದನ್ನ ಎರಡನೇ ಸಲ ಒತ್ತುತ್ತಾ ಕೂರೋದು ಎಲ್ಲರಿಗೂ ಆಗಲ್ಲ. ಸ್ವಂತ ಕ್ಯಾರೆಕ್ಟರ್‌ನಲ್ಲಿ ಕಥೆ ಮುಗಿಸಿದೋರು ಶನಿವಾರದ ಕ್ಯಾರೆಕ್ಟರ್‌ಗೆ ಲಾಗಿನ್ ಆಗೋದನ್ನೇ ನಿಲ್ಲಿಸ್ತಾರೆ. ಗುಂಪು ಮುರಿಯೋಕೆ ಅದೂ ಒಂದು ದಾರಿ.

ನಿಮ್ಮ ಪರಿಸ್ಥಿತಿಗೆ ಮೂವರೂ ಮುಂದೆ ಹೋಗಿ. ಮೂವರ ಪಾರ್ಟಿಯಾಗಿ ಡ್ಯೂಟಿ ಫೈಂಡರ್‌ನಲ್ಲಿ ಕ್ಯೂ ಹಾಕಿದರೆ ನಾಲ್ಕನೇ ಜಾಗಕ್ಕೆ ಅಪರಿಚಿತರೊಬ್ಬರು ಬರ್ತಾರೆ. ಪಾರ್ಟಿಯಲ್ಲಿ ಟ್ಯಾಂಕ್, ಹೀಲರ್ ಇಬ್ಬರೂ ಇದ್ದರೆ ಹೆಚ್ಚು ಕಾಯಬೇಕಾಗಿಲ್ಲ. ಹುಬ್ಬಳ್ಳಿಯವರು ಬಂದ ಮೇಲೆ ನೀವು ಸಸ್ತಾಶಾಕ್ಕೆ ಎರಡನೇ ಜಾಬ್‌ನಲ್ಲಿ ಹಿಂತಿರುಗಿ. ನಿಮಗೆ ಆ ಲೆವೆಲ್‌ನ ಎಕ್ಸ್‌ಪಿ ಬೇಕೇ ಬೇಕು, ಅವರಿಗೆ ಡಂಜನ್ ಹೊಸದು. ಅವರ ಕಟ್‌ಸೀನ್ ನಡೆಯುವಾಗ ಬಾಸ್ ಶುರು ಮಾಡಬೇಡಿ, ಅಷ್ಟು ಸೌಜನ್ಯ ಸಾಕು. ಇಲ್ಲಿ ಇನ್ನೊಂದು ತಪ್ಪು ಆಗುತ್ತೆ: ಹಿಂದೆ ಬಿದ್ದ ಗೆಳೆಯನಿಗೆ ಸಹಾಯ ಅಂತ ಅನ್‌ರಿಸ್ಟ್ರಿಕ್ಟೆಡ್ ಪಾರ್ಟಿ ಆಯ್ಕೆ ಹಾಕಿ, ಲೆವೆಲ್ ಇಳಿಸದೆ 50ರ ಜಾಬ್‌ನಲ್ಲಿ ಹೊಕ್ಕು ಎರಡು ಏಟಿಗೆ ಬಾಸ್ ಬೀಳಿಸೋದು. ಅವರು ಬಾಗಿಲಿಂದ ಬಾಗಿಲಿಗೆ ಓಡಿದ್ದು ಬಿಟ್ಟರೆ ಏನೂ ಕಲಿತಿರಲ್ಲ, 41ರ ಸ್ಟೋನ್ ವಿಜಿಲ್‌ನಲ್ಲಿ ಅದು ಗೊತ್ತಾಗುತ್ತೆ. ಆ ಆಯ್ಕೆ ಹಾಕಲೇಬೇಕಾದರೆ ಜೊತೆಗೆ ಲೆವೆಲ್ ಸಿಂಕ್ (ಡಂಜನ್‌ನ ಮಿತಿಗೆ ಲೆವೆಲ್ ಇಳಿಸೋದು) ಅನ್ನೂ ಟಿಕ್ ಮಾಡಿ.

50 ದಾಟಿದ ಮೇಲೆ ಮಾತ್ರ ನಿಜವಾಗಿ ನಿಲ್ಲಿ. ಅಲ್ಲಿ ಲೆವಿಯಾಥನ್, ರಾಮು, ಶಿವ ಎಂಬ 8 ಜನರ ಕಾಳಗಗಳಿವೆ, ಮೂರು ಕ್ರಿಸ್ಟಲ್ ಟವರ್ ದಾಳಿಗಳು 24 ಜನರವು. ಇವಕ್ಕೆ ಎನ್‌ಪಿಸಿ ಇಲ್ಲ, ಕಥೆ ಮುಂದುವರಿಯೋಕೆ ಇವು ಕಡ್ಡಾಯ. ನಾಲ್ವರೂ ಸೇರಿ ಹೋದರೆ ಒಳ್ಳೆಯ ಶನಿವಾರಗಳು.

---

ಸಂಜೆ_ಸರ್ವರ್ ಉತ್ತರ:

ಗೇಮ್ ಇನ್ನೂ ಕೊಂಡಿಲ್ಲ ಅಂತ ಕಾಣುತ್ತೆ, ಅದಕ್ಕೇ ಬೇರೆ ಗೇಮ್‌ಗಳ ಲೆಕ್ಕವನ್ನೂ ಹಾಕಿ ನೋಡಿ. ಗೆಳೆಯರು ಯಾವಾಗ ಬರ್ತಾರೋ ಗೊತ್ತಿಲ್ಲ ಅನ್ನೋ ಗುಂಪಿಗೆ ಫೈನಲ್ ಫ್ಯಾಂಟಸಿ ಅಷ್ಟು ಅನುಕೂಲದ್ದಲ್ಲ.

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ 2024ರ ಜನವರಿಯ 10.2.5ರಿಂದ ಫಾಲೋವರ್ ಡಂಜನ್ ಇದೆ. ದೊಡ್ಡ ವ್ಯತ್ಯಾಸ ಏನಪ್ಪಾ ಅಂದರೆ, ಅದರಲ್ಲಿ 1ರಿಂದ 4 ಜನರವರೆಗೆ ಹೋಗಬಹುದು, ಐದಕ್ಕೆ ಎಷ್ಟು ಕಡಿಮೆಯೋ ಅಷ್ಟು ಎನ್‌ಪಿಸಿ. ನೀವು ಇಬ್ಬರು ಬಂದರೆ ಎನ್‌ಪಿಸಿ ಮೂವರು, ಮೂವರು ಬಂದರೆ ಇಬ್ಬರು. ನಾರ್ಮಲ್ ಮಟ್ಟಕ್ಕೆ ಮಾತ್ರ, ಆದರೆ ಕಲಿಯೋಕೆ ಅದೇ ಸಾಕು. 2024ರ ಆಗಸ್ಟ್‌ನ ದ ವಾರ್ ವಿದಿನ್ ಜೊತೆ ಬಂದ ಡೆಲ್ವ್‌ಗಳು 1ರಿಂದ 5 ಜನಕ್ಕೆ. ಟ್ಯಾಂಕ್, ಹೀಲರ್ ಇರಲೇಬೇಕು ಅಂತಿಲ್ಲ, ಬ್ರಾನ್ ಅನ್ನೋ ಎನ್‌ಪಿಸಿಗೆ ಪಾತ್ರ ಹಂಚಿಕೊಟ್ಟರೆ ಆಯ್ತು. ಹಿಂದೆ ಬಿದ್ದವರಿಗೆ ಪಾರ್ಟಿ ಸಿಂಕ್ ಇದೆ, 2019ರ 8.2.5ರಿಂದ. ಆನ್ ಮಾಡಿದರೆ ಲೆವೆಲ್ ಅಲ್ಲದೆ ಕ್ವೆಸ್ಟ್‌ಗಳೂ ಹೊಂದಿಕೊಳ್ಳುತ್ತವೆ, ನೀವು ಮುಗಿಸಿದ ಕ್ವೆಸ್ಟನ್ನೇ ಅವರ ಜೊತೆ ಮತ್ತೆ ಮಾಡಬಹುದು.

ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್‌ನಲ್ಲಿ 2016ರ ಅಕ್ಟೋಬರ್‌ನ ಒನ್ ಟ್ಯಾಮ್ರಿಯಲ್ ಅಪ್‌ಡೇಟ್ ಆದಾಗಿಂದ ಪ್ರದೇಶಗಳಿಗೆ ಲೆವೆಲ್‌ನ ಬೇಲಿ ಇಲ್ಲ. ಹೊಸಬರೂ ಹಳಬರೂ ಎಲ್ಲಿ ಬೇಕಾದರೂ ಜೊತೆಯಾಗಿ ತಿರುಗಬಹುದು. 2021ರ ಬ್ಲ್ಯಾಕ್‌ವುಡ್‌ನಿಂದ ಕಂಪ್ಯಾನಿಯನ್‌ಗಳಿದ್ದಾರೆ, 20ರವರೆಗೆ ಬೆಳೀತಾರೆ. ಆದರೆ ಕಂಪ್ಯಾನಿಯನ್ ಒಬ್ಬ ಗುಂಪಿನ ಒಂದು ಜಾಗ ತಿಂತಾನೆ, ನಾಲ್ವರೂ ಬಂದ ದಿನ ಡಂಜನ್ ಹೊರಗೇ ಉಳೀತಾನೆ. ಅಲ್ಲಿ ತೊಂದರೆ ಕೊಡೋದು ಡಂಜನ್‌ನ ಕ್ವೆಸ್ಟ್. ಮೊದಲ ಸಲ ಮುಗಿಸಿದಾಗ ಸ್ಕಿಲ್ ಪಾಯಿಂಟ್ ಸಿಗುತ್ತೆ, ನೀವು ಮೊದಲೇ ಮುಗಿಸಿದ್ದರೆ ಗೆಳೆಯರು ಸಂಭಾಷಣೆ ಓದುವಾಗ ಮುಂದೆ ಓಡ್ತೀರಿ, ಅವರ ಕ್ವೆಸ್ಟ್ ಹಂತ ತಪ್ಪಿ ಹೋಗಬಹುದು. ಸರ್ವರ್ ಎರಡೇ, ಯುರೋಪ್ ಮತ್ತು ಉತ್ತರ ಅಮೆರಿಕ. ಒಂದರಿಂದ ಇನ್ನೊಂದಕ್ಕೆ ಕ್ಯಾರೆಕ್ಟರ್ ಸಾಗಿಸೋಕೆ ಆಗಲ್ಲ, ಮೊದಲೇ ಯುರೋಪ್ ಆರಿಸಿ.

ಚಂದಾನೇ ಬೇಡ ಅನ್ನೋರಿಗೆ ಗಿಲ್ಡ್ ವಾರ್ಸ್ 2. ಕೆಳಗಿನ ಪ್ರದೇಶಕ್ಕೆ ಹೋದರೆ ಲೆವೆಲ್ ತಾನಾಗಿ ಇಳಿಯುತ್ತೆ, ಮರ, ಗಣಿ ಎಲ್ಲ ಒಬ್ಬೊಬ್ಬರಿಗೂ ಪ್ರತ್ಯೇಕ, ಕಿತ್ತಾಟ ಇಲ್ಲ. ಆದರೆ ಅದರ ಐದು ಜನರ ಡಂಜನ್‌ಗಳಿಗೆ ಎನ್‌ಪಿಸಿ ಜೊತೆಗಾರರು ಇಲ್ಲ.

---

ಮೂರನೇ_ಬಾಸ್ ಉತ್ತರ:

ಫೈನಲ್ ಫ್ಯಾಂಟಸಿಯನ್ನೇ ಆರಿಸಿದರೆ ಪಿಂಗ್ (ನಿಮ್ಮ ಕಂಪ್ಯೂಟರ್‌ನಿಂದ ಸರ್ವರ್‌ಗೆ ಸಂದೇಶ ಹೋಗಿ ಬರೋ ಹೊತ್ತು) ಬಗ್ಗೆ ಎರಡು ಮಾತು, ಯಾಕಂದರೆ ಇಲ್ಲಿಂದ ಯುರೋಪ್ ಸರ್ವರ್ ಆಡೋರಿಗೆ ಇದು ಮೊದಲ ದಿನವೇ ಎದುರಾಗುತ್ತೆ. ಬಾಸ್‌ನ ಕ್ಯಾಸ್ಟ್ ಬಾರ್ (ಮುಂದಿನ ಏಟಿನ ತಯಾರಿ ತೋರಿಸುವ ಪಟ್ಟಿ) ತುಂಬಿದ ಕ್ಷಣಕ್ಕೆ ನೀವು ಎಲ್ಲಿದ್ದಿರೋ ಅಲ್ಲಿಗೇ ಲೆಕ್ಕ. ಬೆಂಕಿ, ಸ್ಫೋಟದ ದೃಶ್ಯ ಆಮೇಲೆ ಬರುತ್ತೆ. "ಗುರುತಿಂದ ಹೊರಗೇ ಇದ್ದೆ, ಆದರೂ ಏಟು ಬಿತ್ತು" ಅನ್ನೋ ದೂರು ಇದರಿಂದಲೇ. ಬಾರ್ ಮುಕ್ಕಾಲು ತುಂಬುವಷ್ಟರಲ್ಲಿ ಹೊರಗಿರಿ. ಬಾರ್ ತುಂಬಿದ ಮೇಲೆ ದೃಶ್ಯ ಮುಗಿಯೋದನ್ನ ಕಾಯದೆ ಒಳಗೆ ಬರಬಹುದು.

ಸ್ಕಿಲ್‌ಗಳ ವಿಷಯಕ್ಕೆ, ಮುಖ್ಯ ಹೊಡೆತಗಳ ನಡುವೆ 2.5 ಸೆಕೆಂಡ್ ಅಂತರ ಇರುತ್ತೆ. ಗೈಡ್‌ಗಳಲ್ಲಿ ಆ ಸಂದಿಯಲ್ಲಿ ಎರಡು ಉಪ ಸ್ಕಿಲ್ ತೂರಿಸಿ ಅಂತ ಇರುತ್ತೆ. ಪಿಂಗ್ ಜಾಸ್ತಿ ಇದ್ದರೆ ಎರಡನೆಯದು ಮುಂದಿನ ಹೊಡೆತವನ್ನ ತಳ್ಳುತ್ತೆ. ಒಂದೇ ತೂರಿಸಿ, ಇನ್ನೊಂದನ್ನ ಮುಂದಿನ ಸಂದಿಗೆ ಬಿಡಿ. ಎನ್‌ಪಿಸಿಗಳ ಜೊತೆ ಆಡುವಾಗ ಅಳೆದು ನೋಡಬೇಕಾದ್ದು ಇದನ್ನೇ, ಅಲ್ಲಿ ತಪ್ಪಿದರೂ ಯಾರ ಸಮಯವೂ ಹಾಳಾಗಲ್ಲ. ವೈಫೈ ಬಿಟ್ಟು ಕೇಬಲ್ ಹಾಕಿ. ಸರಾಸರಿ ಪಿಂಗ್ ಜಾಸ್ತಿ ಇದ್ದರೂ ಕೈ ಒಗ್ಗುತ್ತೆ, ಏರಿಳಿತಕ್ಕೆ ಒಗ್ಗಲ್ಲ.